ಕಪಾಟಿನ ಮೇಲಿನ ಸೂಟ್‌ಕೇಸು

ಟ್ಯೂಬಿಂಗೆನ್, ಜರ್ಮನಿ,
ಅಕ್ಟೋಬರ್ ಮೊದಲ ವಾರ

ಪ್ರೀತಿಯ ತಂಗಿ,



ಮೊನ್ನೆ ನೀನು ವಿಡಿಯೋ ಕಾಲ್‌ನಲ್ಲಿ ಹೊಸ ಮನೆ ತೋರಿಸುತ್ತಾ ಅಂದೆಯಲ್ಲ, "ಇದೇನು ಊರು ಆಂಟಿ, ಎಂಟು ಗಂಟೆಗೆಲ್ಲ ಬೀದಿ ಖಾಲಿ, ಭಾನುವಾರ ಹಾಲೂ ಸಿಗಲ್ಲ. ಆದ್ರೂ ಇವರೆಲ್ಲ ಎಷ್ಟು ಎಲಿಗಂಟಾಗಿ ಬದುಕ್ತಾರೆ! ನಮಗ್ಯಾಕೆ ಅದು ಬರಲ್ಲ?" ಆಮೇಲೆ ನೀನೇ ಸಮಾಧಾನ ಮಾಡಿಕೊಂಡೆ: "ಹೋಗ್ಲಿ ಬಿಡಿ, ಎರಡು ವರ್ಷ ತಾನೆ." ಅಷ್ಟರಲ್ಲಿ ನಿನ್ನ ಹಿಂದಿದ್ದ ಕಪಾಟಿನ ಮೇಲೆ ನನ್ನ ಕಣ್ಣು ಹೋಯಿತು. ನೀಲಿ ಸೂಟ್‌ಕೇಸು, ವಿಮಾನದ ಚೀಟಿ ಇನ್ನೂ ಹಿಡಿಕೆಗೆ ನೇತಾಡುತ್ತಿತ್ತು. ಒಳಗೆ ಏನಿದೆ ಅಂದರೆ "ಅಮ್ಮ ಕೊಟ್ಟ ಹಿತ್ತಾಳೆ ಕಾಫಿ ಫಿಲ್ಟರು, ಎರಡು ಸೀರೆ, ಏನೇನೋ" ಅಂದೆ.

ಆ ಸೂಟ್‌ಕೇಸಿಗಾಗಿ ಈ ಕಾಗದ. ಫೋನಿನಲ್ಲಿ ಹೇಳಿದರೆ ಬೈದ ಹಾಗಾಗುತ್ತದೆ. ನಿನ್ನಂತೆಯೇ ಈಚೆಗೆ ಇಂಥ ಸಣ್ಣ ಊರುಗಳಿಗೆ ಬಂದಿಳಿದ ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಗಾಬರಿಯಾಗಬೇಡ. ಇನ್ನೊಂದು ಮಾತು: ಆಂಟಿ ಅನ್ನು, ಪರವಾಗಿಲ್ಲ. ಆದರೆ ಧಾರವಾಡದ ಕಿವಿಗೆ ಮೌಶಿ ಅಂದರೆ ಹಿತ.

ನಾನು ಇಲ್ಲಿಗೆ ಬಂದದ್ದು 1993ರ ನವೆಂಬರ್‌ನಲ್ಲಿ. ನಮ್ಮ ಯಜಮಾನರಿಗೆ ಸಂಶೋಧನೆಯ ಕೆಲಸ, ಎರಡು ವರ್ಷದ ಕರಾರು. ಅವ್ವ ನನ್ನ ಸೂಟ್‌ಕೇಸಿನ ತಳಕ್ಕೆ ನವಲಗುಂದದ ಜಮಖಾನ ಹಾಕಿದ್ದಳು. ಕೆಂಪು ನೆಲ, ಎರಡೂ ತುದಿಗೆ ನವಿಲು. "ಹೋದ ಕೂಡಲೇ ಹಾಸವಾ, ಮಡಚಿ ಇಡಬ್ಯಾಡ" ಅಂದಿದ್ದಳು. ನಾನು ಮಡಚಿಯೇ ಇಟ್ಟೆ. ಎರಡು ವರ್ಷಕ್ಕೆ ಯಾಕೆ ಹಾಸುವುದು, ಮಾಸಿಹೋದರೆ? ಕಿಟಕಿಗೆ ಪರದೆ ಯಾಕೆ, ಬೆಡ್‌ಶೀಟಿಗೆ ಕ್ಲಿಪ್ಪು ಹಾಕಿದರೆ ಸಾಲದೆ? ಟೀವಿ ಇಟ್ಟದ್ದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ. ಚಾವಣಿಯಿಂದ ಎರಡು ತಂತಿ, ತುದಿಗೊಂದು ಬರಿ ಬಲ್ಬು. ಇಲ್ಲಿ ಬಾಡಿಗೆ ಮನೆ ಅಂದರೆ ಬಹಳ ಸಲ ಬರಿ ಗೋಡೆ ಎನ್ನುವುದು ನಿನಗೂ ಈಗ ಗೊತ್ತಾಗಿದೆ. ಹಿಂದಿನವರು ದೀಪ, ಕೆಲವೊಮ್ಮೆ ಅಡುಗೆಮನೆಯ ಸಿಂಕಿನ ಸಮೇತ ಕಿತ್ತುಕೊಂಡು ಹೋಗಿರುತ್ತಾರೆ.

ಕರಾರು ಎರಡು ವರ್ಷ ಮುಂದಕ್ಕೆ ಹೋಯಿತು, ಮತ್ತೆ ಮೂರು ವರ್ಷ, ಆಮೇಲೆ ಕಾಯಂ ಆಯಿತು. ಸೂಟ್‌ಕೇಸು ಮಾತ್ರ ಇಳಿಯಲಿಲ್ಲ. 2004ರಲ್ಲಿ ಮನೆ ಬದಲಿಸುವಾಗ ಇವರು ಅದನ್ನು ಇಳಿಸಿ ಜಮಖಾನ ಬಿಚ್ಚಿದರು. ಹತ್ತಿಯದು, ಹುಳ ಹಿಡಿದಿರಲಿಲ್ಲ. ಆದರೆ ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಬಿಟ್ಟುಕೊಂಡು ಬಿಳಿಗೆರೆ. ಒಂದು ನವಿಲಿನ ಕುತ್ತಿಗೆಯ ಮೇಲೆಯೇ ಹಾದುಹೋಗಿದೆ. ಕೆಳಮನೆಯ ಅಜ್ಜಿ, ಆಗ ಎಪ್ಪತ್ತರ ವಯಸ್ಸು, ಸಾಮಾನು ಇಳಿಸಲು ಬಂದಿದ್ದವರು, ಬಗ್ಗಿ ಕೈಯಾಡಿಸಿ ಕೇಳಿದರು: "ಇಷ್ಟು ಚೆಂದದ್ದು ಇಷ್ಟು ವರ್ಷ ಎಲ್ಲಿತ್ತು?" ನನ್ನ ಜರ್ಮನ್ ಆ ಹೊತ್ತಿಗೆ ಚೆನ್ನಾಗಿಯೇ ಇತ್ತು. ಉತ್ತರ ಮಾತ್ರ ಇರಲಿಲ್ಲ.

ನೀನು ಎಲಿಗಂಟ್ ಅಂದದ್ದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ, ಅಚ್ಚುಕಟ್ಟು. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು "ನಾನು ಇಲ್ಲಿರುತ್ತೇನೆ" ಎಂಬ ತೀರ್ಮಾನ. ಎರಡು ವರ್ಷವಾದರೂ ಸರಿ, ಎರಡು ತಿಂಗಳಾದರೂ ಸರಿ. ದೊಡ್ಡ ಊರಿನಲ್ಲಿ ಹೇಗೋ ನಡೆದುಹೋಗುತ್ತದೆ, ಬರ್ಲಿನ್ನಿನಲ್ಲಿ ನಿನ್ನ ಬಾಗಿಲನ್ನು ನೋಡುವವರಾರು? ಇದು ಜನಸಂಖ್ಯೆ 90,000 ದಾಟಿದ ಊರು ಅಷ್ಟೆ. ಅದರಲ್ಲಿ ವಿಶ್ವವಿದ್ಯಾಲಯದ ಮಕ್ಕಳೇ 25,000ಕ್ಕೂ ಹೆಚ್ಚು. ಅವರು ಬಂದು ಹೋಗುವವರು. ಉಳಿದವರು ನಿನ್ನನ್ನು ನೋಡುತ್ತಾರೆ, ಮೂರನೆಯ ವಾರಕ್ಕೆ ಗುರುತು ಹಿಡಿಯುತ್ತಾರೆ.

ಇಲ್ಲಿರುವುದೆಂದ ಮೇಲೆ ಮೊದಲು ದೀಪ. ಇನ್ನೆರಡು ತಿಂಗಳಿಗೆ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ, ಡಿಸೆಂಬರಿನಲ್ಲಿ ಆಫೀಸಿನಿಂದ ಬರುವಾಗ ಮಧ್ಯರಾತ್ರಿಯ ಹಾಗೆ ಇರುತ್ತದೆ. ಇಲ್ಲಿಯವರ ಕಿಟಕಿಗಳನ್ನು ಬೀದಿಯಿಂದ ನೋಡು. ನಮ್ಮ ಹಾಗೆ ನಡುಮನೆಗೊಂದು ಉರಿಯುವ ಟ್ಯೂಬ್‌ಲೈಟ್ ಎಲ್ಲೂ ಕಾಣುವುದಿಲ್ಲ. ಮೂಲೆಗೊಂದು, ಮೇಜಿಗೊಂದು, ಕಿಟಕಿಯ ಕಟ್ಟೆಗೊಂದು ಸಣ್ಣ ಹಳದಿ ದೀಪ. ಕೊಳ್ಳಲು ಅಂಗಡಿಗೆ ಓಡಬೇಡ. ಶನಿವಾರ ಓಣಿಗಳಲ್ಲಿ ಸುಮ್ಮನೆ ತಿರುಗಾಡು. ಮನೆಗಳ ಮುಂದೆ ರಟ್ಟಿನ ಪೆಟ್ಟಿಗೆ, ಅದರ ಮೇಲೆ "ಕೊಡುವುದಕ್ಕೆ" ಎಂದು ಬರೆದ ಚೀಟಿ ಇರುತ್ತದೆ. ನಮ್ಮ ಮನೆಯ ಆರು ಪಿಂಗಾಣಿ ತಟ್ಟೆ, ಓದುವ ದೀಪ, ನೀನು ಕುಳಿತು ಚಹಾ ಕುಡಿದ ಬೆತ್ತದ ಕುರ್ಚಿ, ಎಲ್ಲ ಅಂಥ ಪೆಟ್ಟಿಗೆಗಳ ಪಕ್ಕದಿಂದ ಬಂದವು. ಮೊದಲ ಸಲ ಎತ್ತಿಕೊಳ್ಳುವಾಗ ಯಾರಾದರೂ ನೋಡಿಯಾರೆಂದು ಬೆವರಿದ್ದೆ. ನೋಡಿದರು. ಆ ಮನೆಯ ಯಜಮಾನಿ ಹೊರಗೆ ಬಂದು, ತಟ್ಟೆಗಳಿಗೆ ಸುತ್ತಿಕೊಳ್ಳಲು ಹಳೆ ಪೇಪರು ಕೊಟ್ಟರು.

ಇನ್ನು ಗಾಳಿ. ನಗಬೇಡ, ಇದು ದುಡ್ಡಿನ ವಿಷಯ. ನಮ್ಮದು ಕುಕ್ಕರಿನ ಆವಿ, ಒಗ್ಗರಣೆಯ ಹೊಗೆ, ಒಳಗೇ ಒಣಗಿಸುವ ಬಟ್ಟೆ. ಚಳಿಗೆ ಕಿಟಕಿ ಭದ್ರವಾಗಿ ಮುಚ್ಚಿರುತ್ತೇವೆ. ಆ ತೇವವೆಲ್ಲ ತಣ್ಣಗಿನ ಹೊರಗೋಡೆಯ ಮೂಲೆಯಲ್ಲಿ ಕುಳಿತು, ಫೆಬ್ರವರಿಯ ಹೊತ್ತಿಗೆ ಕಪಾಟಿನ ಹಿಂದೆ ಕರಿ ಬೂಸು. ನಮ್ಮ ಮೊದಲ ಮನೆಯ ಠೇವಣಿಯಲ್ಲಿ ದೊಡ್ಡ ಪಾಲು ಈ ಬೂಸಿಗೇ ಹೋಯಿತು. ಕರಾರುಪತ್ರದಲ್ಲಿ ಗಾಳಿಯಾಡಿಸುವ ಷರತ್ತು ಇತ್ತಂತೆ, ನಾವು ಓದಿರಲಿಲ್ಲ. ಮನೆ ಮಾಲೀಕರು ಗೆರೆ ಎಳೆದು ತೋರಿಸಿದರು. ಆಮೇಲೆ ಕಲಿತದ್ದು: ಬೆಳಿಗ್ಗೆ ಸಂಜೆ ಹೀಟರ್ ತಿರುವಿ ಆರಿಸಿ, ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು, ಐದೋ ಹತ್ತೋ ನಿಮಿಷ ಬಿಟ್ಟು ಮುಚ್ಚಬೇಕು. ಕಿಟಕಿಯನ್ನು ಅರ್ಧ ವಾಲಿಸಿ ಇಡೀ ದಿನ ಬಿಟ್ಟರೆ ಗೋಡೆ ತಣ್ಣಗಾಗಿ ಬೂಸು ಇನ್ನೂ ಬೇಗ ಬರುತ್ತದೆ. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚು, ಕೋಟನ್ನು ಆ ಕಡೆ ನೇತುಹಾಕಬೇಡ. ಸಾಸಿವೆ ಇಂಗು ಊಟಕ್ಕೆ ಚೆಂದ. ಮರುದಿನ ಮೀಟಿಂಗಿನಲ್ಲಿ ತೋಳಿನಿಂದ ಬಂದರೆ ಅಷ್ಟು ಚೆಂದವಲ್ಲ.

ಕೇರ್‌ವೊಖೆಯ ಫಲಕ ನಿನ್ನ ಬಾಗಿಲಿಗೆ ಇನ್ನೂ ಬಂದಿಲ್ಲ ಅಂದೆ. ಬರುತ್ತದೆ. ಸ್ವಾಬಿಯಾ ಸೀಮೆಗೆ ಇದೇ ದೊಡ್ಡ ವ್ರತ: ಗುಡಿಸುವ ವಾರ. ಮರದ ಸಣ್ಣ ಹಲಗೆಯೊಂದು ಮನೆಯಿಂದ ಮನೆಗೆ ಸಾಗುತ್ತದೆ. ಅದು ಯಾರ ಬಾಗಿಲಿಗೆ ನೇತಾಡುತ್ತದೋ ಆ ವಾರ ಮೆಟ್ಟಿಲು ಒರೆಸುವುದು ಅವರ ಪಾಳಿ. ಇದು ಸಣ್ಣದು. ದೊಡ್ಡದು ಬಂದಾಗ ಹೊರಗಿನ ಕಾಲುದಾರಿ, ಎಲೆ, ಚಳಿಗಾಲದಲ್ಲಿ ಹಿಮ, ಕಸದ ಡಬ್ಬಿಗಳನ್ನು ಬೀದಿಗೆ ಎಳೆದಿಡುವುದು ಎಲ್ಲ ಸೇರಿಕೊಳ್ಳುತ್ತದೆ. ನಾನು ಮೊದಲ ಸಲ ಭಾನುವಾರ ಬೆಳಿಗ್ಗೆ ಬಕೆಟ್ಟು ಹಿಡಿದು ಹೊರಟೆ. ನಮಗೆ ಭಾನುವಾರ ಅಂದರೆ ಮನೆ ತೊಳೆಯುವ ದಿನ ತಾನೆ? ಇಲ್ಲಿ ಭಾನುವಾರ ಸದ್ದು ಮಾಡಬಾರದು. ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯಲೂ ಬಾರದು. ಕೆಳಮನೆಯ ಅಜ್ಜಿ ಬಾಗಿಲು ತೆರೆದು, ನನ್ನನ್ನೂ ಬಕೆಟ್ಟನ್ನೂ ನೋಡಿ, ಶನಿವಾರ ಎಂದಷ್ಟೇ ಹೇಳಿ ಮುಚ್ಚಿಕೊಂಡರು.

ಮುಂದಿನ ಸಲ ಶನಿವಾರವೇ ಮಾಡಿದೆ. ಮೇಲಿನ ಮೆಟ್ಟಿಲಿನಿಂದ ಕೆಳಗಿನವರೆಗೆ, ಕಟಕಟೆಯ ಸಂದಿಯನ್ನೂ ಬಿಡದೆ, ನಮ್ಮ ಅಂಗಳ ಸಾರಿಸುವ ಭಕ್ತಿಯಿಂದ. ಅವರು ಬಂದು ನೋಡಿದರು, ಏನೂ ಹೇಳಲಿಲ್ಲ. ನನಗೆ ಪಿಚ್ಚೆನಿಸಿತು. ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ ಎಂದು ಇಲ್ಲಿ ಗಾದೆಯೇ ಇದೆ ಎನ್ನುವುದು ತಿಳಿದದ್ದು ಆಮೇಲೆ. ನಮ್ಮ ಅಪ್ಪನೂ ಹಾಗೇ ಇದ್ದ.

ಅಜ್ಜಿಯೊಡನೆ ಸಲಿಗೆ ಬೆಳೆದದ್ದು ನಿಧಾನ. ನಡುವೆ ಒಂದು ಭಾನಗಡಿಯೂ ಆಯಿತು. ಅವರ ಹುಟ್ಟುಹಬ್ಬಕ್ಕೆ ಕರೆದಿದ್ದರು. ನವೆಂಬರು, ಹೂವಿನ ಅಂಗಡಿಯ ತುಂಬ ಬಿಳಿ ಸೇವಂತಿಗೆ. ನನ್ನ ಕಣ್ಣಿಗೆ ವರಮಹಾಲಕ್ಷ್ಮಿ ಹಬ್ಬವೇ ಎದುರು ನಿಂತ ಹಾಗಾಯಿತು. ದೊಡ್ಡ ಗೊಂಚಲು ಕಟ್ಟಿಸಿ, ಕಾಗದವನ್ನೂ ಬಿಚ್ಚದೆ ಅವರ ಕೈಗಿಟ್ಟೆ. ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲಿ ನವೆಂಬರಿನ ಸೇವಂತಿಗೆ ಸಮಾಧಿಯ ಮೇಲಿಡುವ ಹೂವು. ಅಜ್ಜಿ ಕಾಗದ ಬಿಚ್ಚಿದರು, ಹೂದಾನಿಗೆ ನೀರು ಹಾಕಿ ಹೂ ಜೋಡಿಸಿ, ಮೇಜಿನ ನಟ್ಟನಡುವೆ ಇಟ್ಟರು. ಮಧ್ಯಾಹ್ನವಿಡೀ ಆ ಹೂವಿನ ಸುತ್ತಲೇ ಕೇಕು ತಿಂದೆವು. ಅದು ನನ್ನನ್ನು ಕಾಪಾಡಲಿಕ್ಕೆ ಎನ್ನುವುದು ನನಗೆ ಹೊಳೆದದ್ದು ಮರುವರ್ಷ ಸ್ಮಶಾನದ ಮುಂದೆ ನಡೆದು ಹೋಗುವಾಗ. ಎಲಿಗಂಟ್ ಎಂಬ ಮಾತು ಬಂದಾಗಲೆಲ್ಲ ನನಗೆ ಕಾಣುವುದು ಆ ಹೂದಾನಿ.

ಹೂವು ಕೊಡುವಾಗ ಕಾಗದ ಬಿಚ್ಚಿ ಕೊಡು. ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆಯೂ ಶುಭಾಶಯ ಹೇಳಬೇಡ, ಅಪಶಕುನ. ಆಫೀಸಿನಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ನೀನೇ ಕೇಕು ಒಯ್ಯಬೇಕು, ಯಾರೋ ತರುತ್ತಾರೆಂದು ಕಾಯುತ್ತಾ ಕೂರಬೇಡ.

ನೀವು, ನೀನು ಎಂಬ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಂಗ್ಲಿಷಿನಿಂದ ಬಂದವರು 'ಜೀ', 'ದೂ' ಎಂದು ಒದ್ದಾಡುತ್ತಾರೆ. ನಮಗೆ ಅದು ಹಾಲಿನ ಜೊತೆ ಬಂದ ವಿದ್ಯೆ. ನಿನ್ನ ಆಫೀಸಿನ ಹುಡುಗರು ಮೊದಲ ದಿನವೇ 'ದೂ' ಅನ್ನುತ್ತಾರೆ, ಅನ್ನಲಿ. ಮೆಟ್ಟಿಲ ಮೇಲೆ ಸಿಗುವ ಹಿರಿಯರಿಗೆ 'ಜೀ' ಎಂದೇ ಮಾತಾಡು, ಬಾಗಿಲಿಗೆ ಬರುವಾಗ "ಗ್ರ್ಯೂಸ್ ಗಾಟ್", ಹೋಗುವಾಗ "ಆಡೇ". 'ದೂ' ಎನ್ನಬಹುದು ಎಂದು ಹೇಳುವ ಹಕ್ಕು ಹಿರಿಯರದು. ಅಜ್ಜಿ ನನಗೆ ಅದನ್ನು ಕೊಟ್ಟದ್ದು ಒಂಬತ್ತನೆಯ ವರ್ಷ, ಒಂದು ಕೈಯಲ್ಲಿ ಹಿಟ್ಟು ಮೆತ್ತಿದ ಸೌಟು ಹಿಡಿದುಕೊಂಡು. ಅವತ್ತು ಅವರು ಷ್ಪೆಟ್ಸ್‌ಲೆ ಮಾಡುವುದನ್ನು ಕಲಿಸುತ್ತಿದ್ದರು.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನೀನು ಇಲ್ಲಿಯ ಊಟ ಸಪ್ಪೆ ಅಂದೆ. ಈ ಸೀಮೆಯ ಬಡವರ ಊಟ ಏನು ಗೊತ್ತೇ? ಬೇಳೆ. ಚನ್ನಂಗಿಬೇಳೆಯ ದಾಯಾದಿಯಂಥ ಸಣ್ಣ ಕಾಳು, ಬೇಯಿಸಿ, ಕೊನೆಗೆ ಹುಳಿಗೆಂದು ವಿನೆಗರ್. ಜೊತೆಗೆ ಒತ್ತಿ ಬೇಯಿಸಿದ ಹಿಟ್ಟಿನ ಎಳೆಗಳು, ಅವೇ ಷ್ಪೆಟ್ಸ್‌ಲೆ. ಹುಳಿ, ಶ್ಯಾವಿಗೆ! ಅಕ್ಕಪಕ್ಕದಲ್ಲಿ ಸಾಸೇಜು ಇಡುತ್ತಾರೆ, ಬೇಡ ಎಂದು ಮೊದಲೇ ಹೇಳಬೇಕು. ಮೌಲ್‌ಟಾಷನ್ ಎಂಬ ಕಡುಬಿನ ಬಗ್ಗೆ ಮಾತ್ರ ಹುಷಾರು. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಕಣಕದೊಳಗೆ ಅಡಗಿಸಿದ್ದೇ ಅದರ ಹುಟ್ಟು ಎಂದು ಇಲ್ಲಿಯವರೇ ನಗುತ್ತಾರೆ. ದೇವರಿಗೆ ಕಾಣದ್ದು ನಿನಗೆ ಹೇಗೆ ಕಂಡೀತು? ಕೇಳಿ ತಿನ್ನು.

ಆ ಬೇಳೆಗೂ ಒಂದು ಕಥೆ ಇದೆ. ಪಕ್ಕದ ಸ್ವಾಬಿಯನ್ ಆಲ್ಬ್ ಗುಡ್ಡಗಳಲ್ಲಿ ಬೆಳೆಯುತ್ತಿದ್ದ ನಾಟಿ ತಳಿ ಕಳೆದ ಶತಮಾನದಲ್ಲಿ ನಿಂತೇ ಹೋಗಿತ್ತು. ಬೀಜವೂ ಉಳಿದಿರಲಿಲ್ಲ. 2006ರಲ್ಲಿ ಅದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಬೀಜಭಂಡಾರದಲ್ಲಿ ಸಿಕ್ಕಿತು. ಒಂದು ಹಿಡಿ ತಂದು, ಬಿತ್ತಿ, ಹೆಚ್ಚಿಸಿ, ಈಗ ಮತ್ತೆ ಸಂತೆಗೆ ಬರುತ್ತಿದೆ. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುತ್ತೀ. ತಿಂಗಳಿಗೊಮ್ಮೆ ಕಾಲು ಕಿಲೋ ತಾ. ಶುಕ್ರವಾರ ಬೆಳಿಗ್ಗೆ ಪುರಭವನದ ಮುಂದಿನ ಚೌಕಕ್ಕೆ ಹೋಗು. 1435ರ ಕಟ್ಟಡ, ಮೇಲೆ 1511ರ ಖಗೋಳ ಗಡಿಯಾರ. ನಾನಂತೂ ಅದನ್ನು ನೋಡಿ ಟೈಮು ತಿಳಿದುಕೊಂಡದ್ದಿಲ್ಲ, ಅದರ ಕೆಳಗೆ ಕೊತ್ತಂಬರಿ ಕೊಂಡದ್ದೇ ಹೆಚ್ಚು. ಎಲ್ಲ ಅಂಗಡಿ ಸುತ್ತಬೇಡ. ಒಬ್ಬರನ್ನು ಹಿಡಿದುಕೋ, ವಾರವಾರ ಅವರ ಹತ್ತಿರವೇ ಹೋಗು. ನಮ್ಮ ಕಾಯಿಪಲ್ಲೆಯವಳು ಆರು ತಿಂಗಳು ನನ್ನ ಮುಖ ನೋಡದೆ ತೂಗಿಕೊಟ್ಟಳು. ಏಳನೆಯ ತಿಂಗಳು ಒಂದು ಕಟ್ಟು ಮೂಲಂಗಿ ಸೊಪ್ಪನ್ನು ಚೀಲಕ್ಕೆ ತುರುಕಿ, "ಎಲ್ಲರೂ ಎಸೆಯುತ್ತಾರೆ, ನೀವು ತಿನ್ನುತ್ತೀರಲ್ಲ" ಅಂದಳು.

ಅಜ್ಜಿಯ ಷ್ಪೆಟ್ಸ್‌ಲೆ ಒತ್ತುವ ಸಾಧನ ಈಗ ನನ್ನ ಅಡುಗೆಮನೆಯಲ್ಲಿದೆ. ಉದ್ದ ಹಿಡಿಕೆಯ ಅಲ್ಯೂಮಿನಿಯಮ್ ಒರಳು. ಅವರು ತೀರಿಕೊಂಡ ಮೇಲೆ ಮಗಳು ತಂದುಕೊಟ್ಟಳು. ನಾನು ಅದರಲ್ಲಿ ಅಕ್ಕಿಹಿಟ್ಟಿನ ಉಂಡೆ ಬೇಯಿಸಿ ಶ್ಯಾವಿಗೆ ಒತ್ತುತ್ತೇನೆ. ಎಳೆ ಸ್ವಲ್ಪ ದಪ್ಪ, ಗೊಜ್ಜಿಗೆ ನಡೆಯುತ್ತದೆ.

ನಿನ್ನ ಆ ಸೂಟ್‌ಕೇಸಿನಲ್ಲಿ ಸ್ಟೀಲ್ ಡಬ್ಬಿಯೂ ಇದ್ದರೆ ಅದನ್ನು ಬ್ಯಾಗಿಗೆ ಹಾಕಿಕೋ. 2022ರ ಜನವರಿಯಿಂದ ಈ ಊರಿನಲ್ಲಿ ಬಿಸಾಡುವ ಲೋಟ, ತಟ್ಟೆಗೆ 50 ಸೆಂಟ್ ತೆರಿಗೆ, ಚಮಚಕ್ಕೆ 20 ಸೆಂಟ್. ಆ ತೆರಿಗೆಯ ಮೇಲೆ ಕೋರ್ಟಿನಲ್ಲಿ ವ್ಯಾಜ್ಯವೂ ನಡೆಯಿತು, ದೇಶದ ಸಂವಿಧಾನ ನ್ಯಾಯಾಲಯ 2025ರ ಜನವರಿಯಲ್ಲಿ ಊರಿನ ಪರವಾಗಿಯೇ ಹೇಳಿತು. ಬಂದ ಹೊಸತರಲ್ಲಿ ಡಬ್ಬಿ ಹಿಡಿದು ಓಡಾಡಲು ನನಗೆ ನಾಚಿಕೆಯಾಗುತ್ತಿತ್ತು. ಈಗ ನನ್ನ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರನ್ನು ನೋಡಿ ಎಲ್ಲಿ ಸಿಗುತ್ತದೆ ಎಂದು ಹುಡುಗಿಯರು ಕೇಳುತ್ತಾರೆ. ಹುಬ್ಬಳ್ಳಿ ದುರ್ಗದಬೈಲು ಎಂದು ಹೇಳಿ ಸುಮ್ಮನಾಗುತ್ತೇನೆ.

ಭಾನುವಾರ ಏನು ಮಾಡಲಿ ಅಂದೆ. ನಡೆ. ಷ್ಯೋನ್‌ಬುಖ್ ಕಾಡು ಊರಿಗೆ ಅಂಟಿಕೊಂಡಿದೆ. ಬೇಬನ್‌ಹೌಸನ್‌ನ ಹಳೆಯ ಮಠದವರೆಗೆ ಒಂದೂವರೆ ಗಂಟೆಯ ದಾರಿ. ಮಳೆಯಿದ್ದರೆ ಕೋಟೆಗೆ ಹೋಗು. ಅಲ್ಲಿ ಹೆಬ್ಬೆರಳಷ್ಟು ಉದ್ದದ ದಂತದ ಕುದುರೆಯೊಂದಿದೆ, ಸುಮಾರು 40,000 ವರ್ಷದ ಹಿಂದೆ ಯಾರೋ ಗುಹೆಯಲ್ಲಿ ಕುಳಿತು ಕೆತ್ತಿದ್ದು. ಅದೇ ಕೋಟೆಯ ಹಳೆ ಅಡುಗೆಮನೆಯಲ್ಲಿ ಪ್ರಯೋಗಶಾಲೆ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಷ್ ಮೀಷರ್ ಎಂಬ ತರುಣ ನಾವು ಇಂದು ಡಿಎನ್‌ಎ ಅನ್ನುವ ವಸ್ತುವನ್ನು ಅಲ್ಲಿಯೇ ಮೊದಲು ಬೇರ್ಪಡಿಸಿದ, ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ. ಜೀವವಿಜ್ಞಾನದ ನಿನಗೆ ಇದನ್ನು ನಾನು ಹೇಳಬೇಕೇ? ಆದರೆ ಈ ಊರಿಗೆ ಬಂದು ಎಂಟು ತಿಂಗಳಾದರೂ ನೀನು ಅಲ್ಲಿಗೆ ಹೋಗಿಲ್ಲ ಎನ್ನುವುದನ್ನು ಹೇಳಬೇಕು.

ಇನ್ನೊಬ್ಬರ ಸಂಗತಿ ಹೇಳಿ ಮುಗಿಸುತ್ತೇನೆ. ಕಿಟ್ಟೆಲ್ ಗೊತ್ತಲ್ಲ? ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪುಸ್ತಕ ಹಿಡಿದು ನಿಂತಿರುವವರು. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಬಾಸೆಲ್ ಮಿಷನ್ನಿನಿಂದ ನಮ್ಮ ಕಡೆ ಬಂದರು. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅಷ್ಟರೊಳಗೆ ಅವರು ಜರ್ಮನಿಗೆ ಮರಳಿದ್ದರು. 1896ರಲ್ಲಿ ಇಲ್ಲಿಯ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 1903ರ ಡಿಸೆಂಬರಿನಲ್ಲಿ ಅವರು ತೀರಿಕೊಂಡದ್ದೂ ಈ ಊರಿನಲ್ಲೇ. ಅವರ ಕನ್ನಡ ವ್ಯಾಕರಣ ಹೊರಬಂದದ್ದು ಅದೇ 1903ರಲ್ಲಿ. ಎಪ್ಪತ್ತು ದಾಟಿದ ಮುದುಕ, ಹೊರಗೆ ಹಿಮ, ಒಳಗೆ ಮೇಜಿನ ಮೇಲೆ ವಿಭಕ್ತಿ ಪ್ರತ್ಯಯಗಳು. ನಾನು ಬಂದ ಮೊದಲ ವರ್ಷಗಳಲ್ಲಿ, ಕನ್ನಡ ಎಂದರೆ ಟೆಲಿಫೋನು ಬೂತಿನ ಮೂರು ನಿಮಿಷ ಆಗಿದ್ದಾಗ, ಈ ಓಣಿಗಳಲ್ಲಿ ನಡೆಯುತ್ತಾ ಅವರನ್ನು ನೆನೆಯುತ್ತಿದ್ದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನ ಮುಂದೆ ದಿನಾ ಸೈಕಲ್ ತುಳಿದವಳು ನಾನು. ಅವರು ಇಲ್ಲಿ ನಮ್ಮ ಊರನ್ನು ಕಟ್ಟಿಟ್ಟಿರಲಿಲ್ಲ, ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡಿದ್ದರು. ನನಗೆ ಅದು ಅರ್ಥವಾಗಲು ಹನ್ನೊಂದು ವರ್ಷ ಹಿಡಿಯಿತು, ಅಷ್ಟೆ.

ಮಿಷನರಿಗಳ ವಿಷಯದಲ್ಲಿ ನಿನಗೆ ಬೇರೆ ಅಭಿಪ್ರಾಯಗಳಿವೆ, ಗೊತ್ತು. ಬಂದಾಗ ಜಗಳವಾಡೋಣ.

ಬರುವ ಭಾನುವಾರ ಮಧ್ಯಾಹ್ನ ಮೂರೂವರೆಗೆ ಬಾ. ಮೂರೂವರೆ ಅಂದರೆ ಮೂರೂವರೆ. ತರಗತಿ ಕಾಲು ಗಂಟೆ ತಡವಾಗಿ ಶುರುವಾಗುವ ಪದ್ಧತಿ ವಿಶ್ವವಿದ್ಯಾಲಯಕ್ಕೆ ಮಾತ್ರ, ನನ್ನ ಮನೆಗೆ ಇಲ್ಲ. ಮೆಟ್ಟಿಲು ಒರೆಸುವ ಪಾಳಿ ಈ ವಾರ ನಮ್ಮದು, ಶನಿವಾರಕ್ಕೆ ಮುಗಿಸಿರುತ್ತೇನೆ. ಬೂಟು ಕೆಳಗೇ ಒರೆಸಿಕೊಂಡು ಹತ್ತು. ಕಪ್ಪು ದ್ರಾಕ್ಷಿಯಂಥ ಪ್ಲಮ್ ಹಣ್ಣಿನ ಕೇಕು ಮಾಡುತ್ತೇನೆ, ಈ ವರ್ಷದ ಕೊನೆಯ ಹಣ್ಣು. ಜಮಖಾನ ಹಾಸಿದೆ, ಬಿಳಿಗೆರೆಯ ನವಿಲಿನ ಪಕ್ಕ ಕೂತುಕೋ.

ಏನು ತರಲಿ ಎಂದು ಕೇಳುತ್ತೀ. ಆ ಫಿಲ್ಟರನ್ನು ತಾ. ಪುಡಿ ನನ್ನಲ್ಲಿದೆ. ಎಂಟು ತಿಂಗಳು ಮುಚ್ಚಿಟ್ಟದ್ದು, ತೂತುಗಳಿಗೆ ಕಿಲುಬು ಹಿಡಿದಿರುತ್ತದೆ. ಹುಣಸೆಹಣ್ಣೂ ಸೂಜಿಯೂ ತೆಗೆದಿಟ್ಟಿರುತ್ತೇನೆ.

ನಿನ್ನ,
ಮೌಶಿ